ಬಾಣಂತಿಯ ತುಪ್ಪವೂ ಹುಚ್ಚೆಳ್ಳಿನ ಎಣ್ಣೆಯೂ: ಹಾಸನ ಸೀಮೆಯಲ್ಲಿ ತಾಯಿಹಾಲಿನ ಕೊಬ್ಬಿನ ಚರಿತ್ರೆ

ಶ್ರವಣಬೆಳಗೊಳದ ಶಾಸನಗಳನ್ನು ಓದುತ್ತ ಹೋದವರಿಗೆ ಹಾಲಿನ ಲೆಕ್ಕ ಪದೇ ಪದೇ ಎದುರಾಗುತ್ತದೆ. ಹದಿಮೂರನೆಯ ಶತಮಾನದ ಹಲವು ಕಿರುಶಾಸನಗಳಲ್ಲಿ ಶ್ರಾವಕರು ಕೆಲವು ಗದ್ಯಾಣಗಳನ್ನು ನಿಧಿಯಾಗಿ ಇರಿಸಿ, ಅದರ ಬಡ್ಡಿಯಿಂದ ಗೊಮ್ಮಟದೇವರ ನಿತ್ಯಾಭಿಷೇಕಕ್ಕೆ ಇಂತಿಷ್ಟು ಹಾಲು ಸಲ್ಲಬೇಕೆಂದು ಕಟ್ಟಳೆ ಮಾಡಿದ್ದಾರೆ. ಅಸಲು ಕರಗಬಾರದು, ಧರ್ಮ ನಿಲ್ಲಬಾರದು ಎಂಬ ಆ ವಣಿಗ್ಬುದ್ಧಿಯನ್ನು, ವ್ಯಾಪಾರದಲ್ಲೇ ಆಯುಷ್ಯ ಕಳೆದ ನಾನು ಎಷ್ಟು ಮೆಚ್ಚಿದರೂ ಸಾಲದು. ನಾಡಿನ ಇತರ ಬಸದಿ, ದೇವಾಲಯಗಳ ಶಾಸನಗಳಲ್ಲಿ ನಂದಾದೀವಿಗೆಗಾಗಿ ಗಾಣವೊಂದಕ್ಕೆ ಇಷ್ಟು ಸೊಲ್ಲಿಗೆ ಎಣ್ಣೆ ಎಂಬ ಉಲ್ಲೇಖಗಳೂ ಧಾರಾಳವಾಗಿವೆ. ದೇವರ ಹಾಲನ್ನೂ ದೀಪದ ಎಣ್ಣೆಯನ್ನೂ ಅಳೆದು ಕಲ್ಲಿನಲ್ಲಿ ಕೆತ್ತಿಸಿದ ಹಿರಿಯರು ಬಾಣಂತಿಯ ಎಲೆಗೆ ಬಡಿಸಿದ ತುಪ್ಪದ ಲೆಕ್ಕವನ್ನು ಬರೆಸಿದ ಶಾಸನವನ್ನು ಮಾತ್ರ ನಾನು ಕಂಡಿಲ್ಲ. ಆ ಲೆಕ್ಕ ಅಜ್ಜಿಯರ ಕೈಯಳತೆಯಲ್ಲಿಯೇ ಉಳಿಯಿತು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಬಾಣಂತಿಗೆ ಯಾವ ಎಣ್ಣೆ, ಯಾವ ತುಪ್ಪ ಸಲ್ಲುತ್ತಿತ್ತು, ಅದು ಹೇಗೆ ಬದಲಾಯಿತು, ಆ ಬದಲಾವಣೆ ಎದೆಹಾಲಿನ ಮೂಲಕ ಹಸುಗೂಸಿಗೆ ಹೇಗೆ ತಲಪುತ್ತದೆ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ತಕ್ಷಣದ ಕಾರಣವೂ ಒಂದುಂಟು. ಗರ್ಭಿಣಿಯರಿಗೂ ಬಾಣಂತಿಯರಿಗೂ ಡಿ.ಎಚ್.ಎ. ಎಂಬ ಕೊಬ್ಬಿನಾಮ್ಲದ ಗುಳಿಗೆಗಳನ್ನು ಬರೆದುಕೊಡುವ ರೂಢಿ ಇತ್ತೀಚೆಗೆ ಬೆಳೆದಿದೆ. ಅವುಗಳಲ್ಲಿ ಹಲವು ಮೀನಿನ ಎಣ್ಣೆಯಿಂದಾದವು. ಹೊರಗಿನ ಕವಚ ಬಹುಮಟ್ಟಿಗೆ ಪ್ರಾಣಿಜನ್ಯವಾದ ಜೆಲಟಿನ್. ಸೊಸೆ ಚೀಟಿ ಹಿಡಿದು ಮನೆಗೆ ಬರುತ್ತಾಳೆ, ಅತ್ತೆಯವರು ಬೇಡವೆನ್ನುತ್ತಾರೆ, ಮಗುವಿನ ಮಿದುಳಿನ ಮಾತು ಕೇಳಿ ಮಗ ಹೆದರುತ್ತಾನೆ. ಸಸ್ಯಾಹಾರಿ ತಾಯಿಯ ಹಾಲಿನಲ್ಲಿ ಕೊರತೆಯುಂಟೆ? ಇದ್ದರೆ ಯಾವುದು? ಈ ಪ್ರಶ್ನೆಗೆ ಸಂಪ್ರದಾಯದ ಅಭಿಮಾನವಾಗಲಿ ಔಷಧದಂಗಡಿಯ ಜಾಹೀರಾತಾಗಲಿ ಸರಿಯಾದ ಉತ್ತರ ಕೊಡಲಾರದು.

ಮಾಂಸ, ಮದ್ಯ, ಮಧುಗಳ ನೆರವಿಲ್ಲದೆ ಚಿಕಿತ್ಸೆ ಸಾಧ್ಯವೆ ಎಂಬ ಚರ್ಚೆ ನಮ್ಮಲ್ಲಿ ಹಳೆಯದು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ ಈ ಮೂರನ್ನೂ ವರ್ಜಿಸಿಯೇ ರಚಿತವಾದ ವೈದ್ಯಗ್ರಂಥ. ಅದರ ಕೊನೆಯ ಹಿತಾಹಿತ ಪ್ರಕರಣ ನೃಪತುಂಗನ ಸಭೆಯಲ್ಲಿ ಮಾಂಸಾಹಾರದ ನಿರರ್ಥಕತೆಯನ್ನು ಕುರಿತು ನಡೆದ ಉಪನ್ಯಾಸವೆಂದು ಹೇಳಿಕೊಳ್ಳುತ್ತದೆ. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವೂ, ಸುಮಾರು 1200ರ ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ಯೂ ಈ ಪರಂಪರೆಯವೇ. ಶಿಶುಗಳ ಕಾಯಿಲೆಯನ್ನು ಕುರಿತು ಒಬ್ಬ ಮುನಿ ದೇಶಭಾಷೆಯಲ್ಲಿ ಬರೆದನೆಂಬುದೇ ಗಮನಿಸತಕ್ಕ ಸಂಗತಿ. ಆದರೆ ಈ ಗ್ರಂಥಗಳಿಂದ ನಮ್ಮ ಸೀಮೆಯ ಅಡುಗೆಮನೆಯ ವಿವರ ಸಿಗುವುದಿಲ್ಲ. ಅದಕ್ಕೆ ಹೊಲವನ್ನೂ ಗಾಣವನ್ನೂ ನೋಡಬೇಕು.

ಹಾಸನ ಸೀಮೆಯ ಹಳೆಯ ಖುಷ್ಕಿ ಬೇಸಾಯದಲ್ಲಿ ರಾಗಿಯೇ ರಾಜ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲುಗಳಾಗಿ ಅವರೆ, ಜೋಳ, ಹರಳು, ಹುಚ್ಚೆಳ್ಳುಗಳನ್ನು ಬಿತ್ತುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಹಸಿರು ರಾಗಿಯ ನಡುವೆ ಹುಚ್ಚೆಳ್ಳಿನ ಹಳದಿ ಹೂವಿನ ಗೆರೆಗಳು ಕಾಣುತ್ತಿದ್ದುದನ್ನು ನನ್ನ ವಯಸ್ಸಿನವರು ಮರೆತಿರಲಾರರು. ಆ ಕಾಳು ಊರಿನ ಗಾಣಕ್ಕೆ ಹೋಗಿ ಅಡುಗೆಯ ಎಣ್ಣೆಯಾಗುತ್ತಿತ್ತು; ಹುರಿದು ಕುಟ್ಟಿದರೆ ಚಟ್ನಿಪುಡಿ; ಹಿಂಡಿ ದನಕ್ಕೆ. ಹರಳೆಣ್ಣೆ ತಲೆಗೆ, ದೀಪಕ್ಕೆ, ಕೂಸಿನ ಮೈಗೆ. ಚನ್ನರಾಯಪಟ್ಟಣದ ಕಡೆ ತೆಂಗು ಹೇರಳವಾದ್ದರಿಂದ ಅಲ್ಲಿಯ ಅಡುಗೆಯಲ್ಲಿ ಕಾಯಿ, ಕೊಬ್ಬರಿಗಳ ಬಳಕೆ ಹೆಚ್ಚು. ಹೊಳೆನರಸೀಪುರ, ಅರಕಲಗೂಡುಗಳಲ್ಲಿ ಹೇಮಾವತಿ, ಕಾವೇರಿಗಳ ಕಾಲುವೆ ನೀರಿದ್ದೆಡೆ ಅನ್ನದೂಟ, ಉಳಿದೆಡೆ ಮುದ್ದೆ. ಎಲ್ಲೆಡೆಯೂ ಸಾಮಾನ್ಯವಾದದ್ದು ಮನೆಯ ಹಸು, ಎಮ್ಮೆಯ ಬೆಣ್ಣೆ ತುಪ್ಪ, ಅದೂ ಕರಾವು ಇದ್ದ ಮನೆಗಳಲ್ಲಿ. ಕರಾವು ಇಲ್ಲದ ಮನೆಯ ಬಾಣಂತಿಗೆ ತುಪ್ಪ ತೌರಿನಿಂದ ಬರಬೇಕಿತ್ತು, ಇಲ್ಲವೇ ಬರುತ್ತಿರಲಿಲ್ಲ. ಹಿಂದಿನವರೆಲ್ಲ ತುಪ್ಪ ತಿಂದು ಗಟ್ಟಿಯಾಗಿದ್ದರು ಎಂಬ ಮಾತನ್ನು ನಾನು ಈ ಕಾರಣಕ್ಕೇ ಪೂರ್ತಿ ಒಪ್ಪುವುದಿಲ್ಲ.

ಬಾಣಂತಿಕೋಣೆಯ ಪಥ್ಯವೋ ಬೇರೆಯೇ ಒಂದು ಶಾಸ್ತ್ರ. ಬಿಸಿ ಅನ್ನ, ಮೆಣಸು ಜೀರಿಗೆಯ ಸಾರು, ತುಪ್ಪ, ಒಣಶುಂಠಿ, ಓಮ, ಕೊಬ್ಬರಿ, ಗಸಗಸೆ, ಬೆಲ್ಲ, ಅಂಟು ಸೇರಿಸಿ ಕಟ್ಟಿದ ಉಂಡೆ. ಇತರರ ಮನೆಯಲ್ಲಿ ಹಾಲು ಹೆಚ್ಚಲೆಂದು ಬೆಳ್ಳುಳ್ಳಿ ಕೊಟ್ಟರೆ, ಅದನ್ನು ಮುಟ್ಟದ ನಮ್ಮ ಮನೆಗಳಲ್ಲಿ ಸಬ್ಬಸಿಗೆ, ಮೆಂತ್ಯ, ಜೀರಿಗೆಗಳಿಂದ ತೃಪ್ತಿಪಡುತ್ತಿದ್ದರು. ಇವೆಲ್ಲ ಒಳ್ಳೆಯವೇ. ಆದರೆ ಇದೇ ಪಥ್ಯದ ಇನ್ನೊಂದು ಮುಖವೂ ಉಂಟು: ಅನೇಕ ಮನೆಗಳಲ್ಲಿ ಸೊಪ್ಪು ‘ಶೀತ’, ಹಣ್ಣು ‘ಶೀತ’, ಮೊಸರು ‘ಶೀತ’, ಕುಡಿಯುವ ನೀರಿಗೂ ಮಿತಿ. ಮೊದಲ ಎರಡು ಮೂರು ದಿನದ ಹಳದಿ ಹಾಲನ್ನು ಕೆಟ್ಟದೆಂದು ಹಿಂಡಿ ಚೆಲ್ಲಿ, ಕೂಸಿಗೆ ಬೆಲ್ಲದ ನೀರನ್ನೋ ಒಂದು ತೊಟ್ಟು ಹರಳೆಣ್ಣೆಯನ್ನೋ ನೆಕ್ಕಿಸುವ ರೂಢಿಯೂ ಇತ್ತು. ರೋಗನಿರೋಧಕ ಅಂಶಗಳು ಅತ್ಯಧಿಕವಾಗಿರುವುದು ಆ ಹಳದಿ ಹಾಲಿನಲ್ಲೇ. ಹಸುವಿನ ಗಿಣ್ಣನ್ನು ನೆರೆಹೊರೆಗೆ ಹಂಚಿ ಸವಿದು, ತಾಯಿಯ ಮೊದಲ ಹಾಲನ್ನು ಮಣ್ಣುಪಾಲು ಮಾಡಿದ ನಮ್ಮ ವಿವೇಕವನ್ನು ಏನೆನ್ನೋಣ!

ಈ ಚಿತ್ರ ಬದಲಾದದ್ದು ಮೊದಲು ಅಂಗಡಿಯಲ್ಲಿ, ಆಮೇಲೆ ಹೊಲದಲ್ಲಿ. 1937ರಲ್ಲಿ ಡಾಲ್ಡಾ ಎಂಬ ವನಸ್ಪತಿ ಮಾರುಕಟ್ಟೆಗೆ ಬಂತು. ಸಸ್ಯದ ಎಣ್ಣೆಗೆ ಜಲಜನಕ ಹಾಯಿಸಿ ತುಪ್ಪದಂತೆ ಗಟ್ಟಿಮಾಡಿದ ಪದಾರ್ಥವದು. ತುಪ್ಪ ಕೊಳ್ಳಲಾರದ ಮನೆಗಳಿಗೆ ಹಬ್ಬದ ದಿನದ ಸಮಾಧಾನವಾಯಿತು. ಬಳಿಕ ಕಡಲೆಕಾಯಿ ಎಣ್ಣೆ ಡಬ್ಬಗಳಲ್ಲಿ ಬಂದು ಗಾಣವನ್ನು ಹಿಂದೆ ಹಾಕಿತು. 1970ರ ದಶಕದಲ್ಲಿ ಕರ್ನಾಟಕದ ರೈತರು ಸೂರ್ಯಕಾಂತಿ ಹಿಡಿದರು. ಅದೇ ದಶಕದ ಕೊನೆಯಿಂದ ಆಮದಾದ ತಾಳೆಎಣ್ಣೆ ಪಾಮೋಲಿನ್ ಎಂಬ ಹೆಸರಿನಲ್ಲಿ ನ್ಯಾಯಬೆಲೆ ಅಂಗಡಿಗೆ ಇಳಿಯಿತು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣವಾಗಿ ನಾಲೆಗಳು ಹರಿದೆಡೆ ಭತ್ತ, ಕಬ್ಬು ವಿಸ್ತರಿಸಿದವು. ಆಲೂಗಡ್ಡೆ, ಮುಸುಕಿನ ಜೋಳ, ತಂಬಾಕುಗಳು ಒಣಭೂಮಿಯಲ್ಲೂ ಹಣ ತಂದವು. ಅಕ್ಕಡಿ ಸಾಲಿಗೆ ಜಾಗವಿಲ್ಲದಾಯಿತು. 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾದ ಮೇಲೆ ಅಗ್ಗದ ಎಣ್ಣೆ ಎಂದರೆ ತಾಳೆಎಣ್ಣೆ ಎಂದೇ ಆಯಿತು. ಎಣ್ಣೆಯ ದರ ಕೇಳಿ ಕೊಳ್ಳುವವರನ್ನು ದಿನವೂ ಕಂಡವನಾದ್ದರಿಂದ ಹೇಳುತ್ತೇನೆ: ನಮ್ಮ ಜನರ ಆಹಾರದ ಕೊಬ್ಬನ್ನು ನಿರ್ಧರಿಸಿದ್ದು ವೈದ್ಯರೂ ಅಲ್ಲ, ಅಜ್ಜಿಯರೂ ಅಲ್ಲ, ದರಪಟ್ಟಿ.

ಇನ್ನು ಈ ಕೊಬ್ಬು ಹಾಲಿಗೆ ಹೇಗೆ ಬರುತ್ತದೆಂಬುದು. ಪೂರ್ಣವಾಗಿ ಮೊಲೆಯುಣಿಸುವ ತಾಯಿ ದಿನಕ್ಕೆ ಸುಮಾರು 750 ಮಿಲಿಲೀಟರ್ ಹಾಲು ಕೊಡುತ್ತಾಳೆ. ಅದರಲ್ಲಿ ಕೊಬ್ಬು ಶೇಕಡಾ 4ರ ಆಸುಪಾಸು. ಕೂಸಿಗೆ ದೊರೆಯುವ ಶಕ್ತಿಯ ಅರ್ಧದಷ್ಟು ಈ ಕೊಬ್ಬಿನಿಂದಲೇ. ಲೆಕ್ಕ ಹಾಕಿದರೆ ದಿನಕ್ಕೆ 30 ಗ್ರಾಂ, ತಿಂಗಳಿಗೆ 900 ಗ್ರಾಂ, ಆರು ತಿಂಗಳಿಗೆ ಐದೂಕಾಲು ಕಿಲೋಗ್ರಾಮಿಗಿಂತ ಹೆಚ್ಚು. ಈ ಖರ್ಚಿಗೆ ಜಮೆ ಎಲ್ಲಿಂದ? ಒಂದು ಪಾಲು ಆ ದಿನದ ಊಟದಿಂದ. ಒಂದು ಪಾಲು ಗರ್ಭಕಾಲದಲ್ಲಿ ತಾಯಿಯ ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದ. ಇನ್ನೊಂದು ಪಾಲನ್ನು ಸ್ತನಗ್ರಂಥಿಯೇ ಅನ್ನ, ಮುದ್ದೆಗಳ ಪಿಷ್ಟದಿಂದ ತಯಾರಿಸುತ್ತದೆ. ಒಂದೇ ಸಲದ ಉಣಿಕೆಯಲ್ಲಿಯೂ ಮೊದಲು ಬರುವ ಹಾಲು ತೆಳು, ಕಡೆಯದು ಕೊಬ್ಬಿನಿಂದ ದಪ್ಪ. ಕೂಸನ್ನು ಅರ್ಧಕ್ಕೆ ಬಿಡಿಸಿ ಇನ್ನೊಂದು ಮಗ್ಗುಲಿಗೆ ಹಾಕುವ ಅವಸರ ಈ ಕಾರಣಕ್ಕೆ ಸಲ್ಲದು.

1959ರಲ್ಲಿ ಅಮೆರಿಕದ ಇನ್ಸಲ್, ಹರ್ಷ್ ಮೊದಲಾದವರು ಹಾಲುಣಿಸುವ ತಾಯಿಗೆ ಬೇರೆ ಬೇರೆ ಆಹಾರ ಕೊಟ್ಟು ಹಾಲಿನ ಕೊಬ್ಬನ್ನು ಪರೀಕ್ಷಿಸಿದರು. ಮುಸುಕಿನ ಜೋಳದ ಎಣ್ಣೆ ಉಂಡಾಗ ಹಾಲಿನ ಕೊಬ್ಬು ಆ ಎಣ್ಣೆಯನ್ನೇ ಹೋಲಿತು. ಆಹಾರ ಸಾಲದಾದಾಗ ಮೈಯಲ್ಲಿ ಶೇಖರವಾಗಿದ್ದ ಕೊಬ್ಬನ್ನು ಹೋಲಿತು. ಅದೇ ವರ್ಷ ನಮ್ಮ ದೇಶದಲ್ಲಿ ಬೆಳವಾಡಿ ಮತ್ತು ಸಿ. ಗೋಪಾಲನ್ ಅವರು ಬಡ ತಾಯಂದಿರ ಹಾಲಿನ ರಾಸಾಯನಿಕ ರಚನೆಯನ್ನು ಪ್ರಕಟಿಸಿದರು. ಕೂನೂರಿನಲ್ಲಿ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋದ ಪೋಷಣಾ ಸಂಶೋಧನಾಲಯದ ಕೆಲಸವದು. ಅರೆಹೊಟ್ಟೆಯ ತಾಯಿಯ ಹಾಲಿನಲ್ಲೂ ಸಸಾರಜನಕ, ಸಕ್ಕರೆ ಬಹುತೇಕ ಸಮವಾಗಿದ್ದವು. ಇಳಿದದ್ದು ಕೆಲವು ಜೀವಸತ್ವಗಳು, ಸ್ವಲ್ಪಮಟ್ಟಿಗೆ ಕೊಬ್ಬು. ಅಂದರೆ ತಾಯಿಯ ದೇಹ ತನ್ನ ಅಸಲನ್ನು ಕರಗಿಸಿಯಾದರೂ ಕೂಸಿನ ಬಡ್ಡಿ ತೀರಿಸುತ್ತದೆ. ಬೆಳಗೊಳದ ಶಾಸನದ ಕಟ್ಟಳೆಗೆ ನೇರ ವಿರುದ್ಧವಾದ ವ್ಯವಹಾರ!

ಕೊಬ್ಬಿನಲ್ಲಿಯೂ ಎಲ್ಲವೂ ಒಂದೇ ಅಲ್ಲ. 1929ರಲ್ಲಿ ಬರ್ ದಂಪತಿಗಳು ಕೆಲವು ಕೊಬ್ಬಿನಾಮ್ಲಗಳಿಲ್ಲದೆ ಇಲಿಗಳು ಬದುಕಲಾರವೆಂದು ತೋರಿಸಿದರು. (ಪ್ರಾಣಿಗಳ ಮೇಲಿನ ಇಂತಹ ಪ್ರಯೋಗ ನಮಗೆ ಹಿತವಲ್ಲ, ಆದರೂ ಜ್ಞಾನ ಬಂದ ದಾರಿಯನ್ನು ಮರೆಮಾಚುವುದು ಸತ್ಯಾಣುವ್ರತಕ್ಕೆ ಒಪ್ಪುವುದಿಲ್ಲ.) ನಮ್ಮ ದೇಹ ತಾನಾಗಿ ಮಾಡಿಕೊಳ್ಳಲಾರದ ಆಮ್ಲಗಳು ಎರಡು: ಲಿನೋಲಿಕ್ ಮತ್ತು ಆಲ್ಫಾ ಲಿನೋಲೆನಿಕ್. ಮೊದಲನೆಯದು ಒಮೆಗಾ-6 ಕುಲದ್ದು, ಎರಡನೆಯದು ಒಮೆಗಾ-3 ಕುಲದ್ದು. ಮಿದುಳಿಗೂ ಕಣ್ಣಿನ ಅಕ್ಷಿಪಟಲಕ್ಕೂ ಬೇಕಾದ ಡಿ.ಎಚ್.ಎ.ಯನ್ನು ದೇಹ ಈ ಎರಡನೆಯದರಿಂದ ಅಲ್ಪಪ್ರಮಾಣದಲ್ಲಿ ತಯಾರಿಸಿಕೊಳ್ಳುತ್ತದೆ. ಈ ಶಕ್ತಿ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಎರಡೂ ಕುಲಗಳು ಒಂದೇ ಕಿಣ್ವಗಳಿಗಾಗಿ ಸ್ಪರ್ಧಿಸುವುದರಿಂದ ಲಿನೋಲಿಕ್ ಅತಿಯಾದರೆ ಡಿ.ಎಚ್.ಎ. ತಯಾರಿಕೆ ಕುಂಠಿತವಾಗುತ್ತದೆ.

ಈ ತಕ್ಕಡಿಯಲ್ಲಿ ನಮ್ಮ ಎಣ್ಣೆಗಳನ್ನು ತೂಗಿ ನೋಡೋಣ. ಹುಚ್ಚೆಳ್ಳೆಣ್ಣೆಯಲ್ಲಿ ಅರ್ಧದಷ್ಟೋ ಹೆಚ್ಚೋ ಲಿನೋಲಿಕ್. ಒಮೆಗಾ-3 ಹೆಸರಿಗೆ ಮಾತ್ರ. ಸೂರ್ಯಕಾಂತಿಯದೂ ಅದೇ ಜಾತಿ. ಕೊಬ್ಬರಿಯ ಕೊಬ್ಬಿನಲ್ಲಿ ಶೇಕಡಾ 90ರಷ್ಟು ಪರ್ಯಾಪ್ತ. ಅದರಲ್ಲಿ ಅರ್ಧದ ಹತ್ತಿರ ಲಾರಿಕ್ ಆಮ್ಲ. ತೆಂಗು ಉಣ್ಣುವ ತಾಯಿಯ ಹಾಲಿನಲ್ಲಿ ಲಾರಿಕ್ ಏರುತ್ತದೆ. 1998ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಊಟವಾದ ಆರು ಗಂಟೆಗಳೊಳಗೇ ಆ ಬದಲಾವಣೆ ಕಾಣಿಸಿತು. ಪಾಮೋಲಿನ್‌ನಲ್ಲಿ ಪಾಲ್ಮಿಟಿಕ್ ಹೆಚ್ಚು. ಆಲ್ಫಾ ಲಿನೋಲೆನಿಕ್ ಸಮೃದ್ಧವಾಗಿರುವುದು ಅಗಸೆಯಲ್ಲಿ, ಅರ್ಧಕ್ಕಿಂತಲೂ ಹೆಚ್ಚು. ಸಾಸಿವೆ, ಸೋಯಾಗಳಲ್ಲಿ ಸಾಧಾರಣ. ಹಸಿರು ಸೊಪ್ಪುಗಳಲ್ಲಿ ಸ್ವಲ್ಪ. ಅಗಸೆಯ ಚಟ್ನಿಪುಡಿ ಉತ್ತರ ಕರ್ನಾಟಕದ ಊಟದಲ್ಲಿ ನಿತ್ಯದ್ದು. ನಮ್ಮ ಹಾಸನದ ಕಡೆ ಆ ಜಾಗದಲ್ಲಿ ಹುಚ್ಚೆಳ್ಳು ಕುಳಿತಿತ್ತು. ಸೊಪ್ಪಾದರೂ ಇತ್ತಲ್ಲ ಎಂದರೆ, ಬಾಣಂತಿಗೆ ಅದೇ ನಿಷಿದ್ಧ! ಆದ್ದರಿಂದ ಹಳೆಯ ಊಟ ಒಮೆಗಾ-3 ವಿಷಯದಲ್ಲಿ ಸಂಪನ್ನವಾಗಿತ್ತೆಂದು ನಾನು ಹೇಳಲಾರೆ. ಆದರೆ ಅದರಲ್ಲಿ ಒಟ್ಟು ಎಣ್ಣೆಯೇ ಕಡಿಮೆ, ವನಸ್ಪತಿಯ ಟ್ರಾನ್ಸ್ ಕೊಬ್ಬು ಇಲ್ಲವೇ ಇಲ್ಲ. ತಾಯಿ ಉಂಡ ಟ್ರಾನ್ಸ್ ಕೊಬ್ಬು ಹಾಲಿಗೂ ಇಳಿಯುತ್ತದೆ. ಎಣ್ಣೆ, ವನಸ್ಪತಿಗಳಲ್ಲಿ ಅದರ ಮಿತಿಯನ್ನು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಶೇಕಡಾ 3ಕ್ಕೆ, 2022ರಲ್ಲಿ ಶೇಕಡಾ 2ಕ್ಕೆ ಇಳಿಸಿತು. ಡಾಲ್ಡಾ ಬಂದು ಆ ಹೊತ್ತಿಗೆ ಎಂಬತ್ತೈದು ವರ್ಷ ಸಂದಿತ್ತು.

ಸಸ್ಯಾಹಾರಿ ತಾಯಂದಿರನ್ನು ಕುರಿತ ಅಧ್ಯಯನಗಳು ಏನೆನ್ನುತ್ತವೆ? ಜಗತ್ತಿನ ತಾಯಂದಿರ ಹಾಲಿನ ಕೊಬ್ಬಿನಲ್ಲಿ ಡಿ.ಎಚ್.ಎ. ಸರಾಸರಿ ಶೇಕಡಾ 0.3, ಮೇಲಿನ 30 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 90 ಮಿಲಿಗ್ರಾಂ. ಹಾಲು, ತುಪ್ಪವನ್ನೂ ಬಿಟ್ಟ ತಾಯಂದಿರಲ್ಲಿ ಇದು ಬಹಳ ಕಡಿಮೆಯೆಂದು ಬ್ರಿಟನ್ನಿನ ಸ್ಯಾಂಡರ್ಸ್ ಮೊದಲಾದವರು ತೋರಿಸಿದರು. 1994ರಲ್ಲಿ ರೆಡ್ಡಿ, ಸ್ಯಾಂಡರ್ಸ್ ಮತ್ತು ಓಬೀದ್ ಲಂಡನ್ನಿನ ದಕ್ಷಿಣ ಏಷ್ಯಾ ಮೂಲದ ಸಸ್ಯಾಹಾರಿ ತಾಯಂದಿರ ಹೊಕ್ಕುಳಬಳ್ಳಿಯ ರಕ್ತದಲ್ಲೂ ಡಿ.ಎಚ್.ಎ. ಕಡಿಮೆಯೆಂದು ಕಂಡರು. 2009ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು, ಗರ್ಭದ ಕೊನೆಯ ಮೂರು ತಿಂಗಳಲ್ಲಿ ಮೀನು ತಿನ್ನದವರಲ್ಲಿ ಕಡಿಮೆ ತೂಕದ ಕೂಸುಗಳು ಹೆಚ್ಚೆಂದು ವರದಿ ಮಾಡಿದರು. ಇವನ್ನು ಕೇಳಿದರೆ ನಮ್ಮವರಿಗೆ ಗಾಬರಿಯಾಗುವುದು ಸಹಜ. ಆದರೆ ಇವೆಲ್ಲ ವೀಕ್ಷಣೆಗಳು. ಮೀನು ತಿನ್ನುವವರಿಗೂ ತಿನ್ನದವರಿಗೂ ಇತರ ಭೇದಗಳೂ ಇರುತ್ತವೆ.

ಕೊಟ್ಟು ನೋಡಿದ ಪರೀಕ್ಷೆ ನಡೆದದ್ದು ನಮ್ಮ ನಾಡಿನ ಬೆಳಗಾವಿಯಲ್ಲೇ. ಭಾರತೀಯ ಸಾರ್ವಜನಿಕ ಆರೋಗ್ಯ ಪ್ರತಿಷ್ಠಾನದ ಶ್ವೇತಾ ಖಂಡೇಲ್‌ವಾಲ್ ಅವರ ನೇತೃತ್ವದಲ್ಲಿ, ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಹಯೋಗದಲ್ಲಿ ನಡೆದ ‘ಧನಿ’ ಎಂಬ ಅಧ್ಯಯನವದು. 957 ಗರ್ಭಿಣಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗರ್ಭದ ಸುಮಾರು ಇಪ್ಪತ್ತನೆಯ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆ 400 ಮಿಲಿಗ್ರಾಂ ಡಿ.ಎಚ್.ಎ. ಕೊಟ್ಟರು, ಇನ್ನೊಂದಕ್ಕೆ ತೋರಿಕೆಯ ಗುಳಿಗೆ. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರ್ಷ ತುಂಬಿದ ಮಕ್ಕಳ ಬುದ್ಧಿ, ಚಲನೆಗಳ ಬೆಳವಣಿಗೆಯಲ್ಲಿ ಎರಡು ಗುಂಪುಗಳಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹುಟ್ಟಿದಾಗಿನ ತೂಕ, ಉದ್ದಗಳಲ್ಲೂ ಇಲ್ಲ. ಡಿ.ಎಚ್.ಎ. ಬೇಕಿಲ್ಲವೆಂದು ಇದರ ಅರ್ಥವಲ್ಲ. ದಿನಕ್ಕೆ ಕನಿಷ್ಠ 200 ಮಿಲಿಗ್ರಾಂ ಬೇಕೆಂಬ ತಜ್ಞರ ಸಲಹೆ ಇದ್ದೇ ಇದೆ. ಆದರೆ ಮೀನೆಣ್ಣೆ ನುಂಗದಿದ್ದರೆ ಮಗು ಮಂದಮತಿಯಾದೀತೆಂದು ಹೆದರಿಸುವುದಕ್ಕೆ ಈ ಫಲಿತಾಂಶ ಆಧಾರ ಕೊಡುವುದಿಲ್ಲ.

ಇನ್ನೊಂದು ಅಂಶ: ‘ಧನಿ’ಯಲ್ಲಿ ಕೊಟ್ಟದ್ದು ಮೀನಿನದಲ್ಲ, ಸೂಕ್ಷ್ಮ ಪಾಚಿಯಿಂದ ತೆಗೆದ ಡಿ.ಎಚ್.ಎ. ಮೀನಿಗೂ ಅದು ಮೂಲತಃ ಬರುವುದು ಇಂತಹ ಜಲಸೂಕ್ಷ್ಮಗಳಿಂದಲೇ. ಕಾರ್ಖಾನೆಯ ತೊಟ್ಟಿಗಳಲ್ಲಿ ಬೆಳೆಸಿ ತೆಗೆದ ಈ ಎಣ್ಣೆ ಸಸ್ಯಜನ್ಯ ಕವಚದಲ್ಲಿಯೂ ಸಿಗುತ್ತದೆ. ಇಲ್ಲಿ ಶಾಸ್ತ್ರಜ್ಞರಾದ ವಾಚಕರು ಆಕ್ಷೇಪಿಸಬಹುದು: ಶೈವಲ ಅಂದರೆ ಪಾಚಿಯನ್ನು ನಮ್ಮ ಆಗಮಗಳು ಅನಂತಕಾಯದಲ್ಲಿ ಎಣಿಸಿವೆಯಲ್ಲ? ನಿಜ. ಗೆಡ್ಡೆಗೆಣಸು ಬಿಟ್ಟ ವ್ರತಿಕರಿಗೆ ಇದು ನಿಜವಾದ ಸಂಕಟ. ಅಂಥವರು ಅಗಸೆಯನ್ನೇ ನಂಬುವುದು ಸರಿ. ಆದರೆ ಆಲೂಗಡ್ಡೆ ಪಲ್ಯ ಉಣ್ಣುವ ಮನೆಯಲ್ಲಿ ಬಾಣಂತಿಯ ಗುಳಿಗೆಗೆ ಮಾತ್ರ ಅನಂತಕಾಯದ ವಿಚಾರ ನೆನಪಾಗುವುದು ನನಗೆ ಸರಿಕಾಣದು. ವ್ರತ ಹಿಡಿದವರ ವ್ರತ ಅವರದು. ಸೊಸೆಯ ಪರವಾಗಿ ಅತ್ತೆ ಮಾವಂದಿರು ಹಿಡಿಯುವಂಥದ್ದಲ್ಲ.

ಇಷ್ಟಾಗಿ ನಾವು ಹೆದರಬೇಕಾದ ಕೊರತೆ ಬೇರೊಂದಿದೆ. 1962ರಲ್ಲಿ ವೆಲ್ಲೂರಿನ ಜಾಧವ್ ಮತ್ತು ಸಂಗಡಿಗರು, ಮೊಲೆಹಾಲನ್ನೇ ನಂಬಿದ್ದ ಕೆಲವು ಕೂಸುಗಳು ಮಂಕಾಗಿ, ಕಲಿತಿದ್ದ ನಗು ಚಟುವಟಿಕೆಗಳನ್ನು ಮರೆತು, ಚರ್ಮ ಕಪ್ಪಿಟ್ಟು, ರಕ್ತಹೀನವಾದುದನ್ನು ವರ್ಣಿಸಿದರು. ತಾಯಿಯಲ್ಲಿಯೇ ಬಿ-12 ಜೀವಸತ್ವ ಬರಿದಾಗಿತ್ತು. ಅದನ್ನು ಕೊಟ್ಟಾಗ ಕೂಸುಗಳು ಚೇತರಿಸಿದವು. ಇದು ಯಾವ ಕಾಳು, ಸೊಪ್ಪಿನಲ್ಲೂ ಇಲ್ಲ. ನಮಗೆ ಹಾಲು, ಮೊಸರುಗಳೇ ಗತಿ, ಅದೂ ಹಲವೊಮ್ಮೆ ಸಾಲದು. 2014ರಲ್ಲಿ ಪ್ರಕಟವಾದ ಸೇಂಟ್ ಜಾನ್ಸ್ ಅಧ್ಯಯನದಲ್ಲಿ ಗರ್ಭಿಣಿಯರಿಗೆ ದಿನಕ್ಕೆ 50 ಮೈಕ್ರೋಗ್ರಾಂ ಬಿ-12 ಕೊಟ್ಟಾಗ ಎದೆಹಾಲಿನಲ್ಲೂ ಕೂಸಿನ ರಕ್ತದಲ್ಲೂ ಅದು ಏರಿತು. ಈ ಜೀವಸತ್ವವನ್ನು ಸೂಕ್ಷ್ಮಾಣುಗಳಿಂದ ತಯಾರಿಸುತ್ತಾರೆ. ಪ್ರಾಣಿವಧೆಯ ಪ್ರಶ್ನೆ ಬರುವುದಿಲ್ಲ. ಡಿ.ಎಚ್.ಎ.ಗೆ ನೂರಾರು ರೂಪಾಯಿ ವೆಚ್ಚ ಮಾಡುವ ಮನೆಯವರು ಮೊದಲು ವೈದ್ಯರಿಂದ ಇದೊಂದು ರಕ್ತಪರೀಕ್ಷೆ ಮಾಡಿಸುವುದು ಮೇಲು.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಹಸುಗೂಸಿನ ತಾಯಂದಿರು ಉಪವಾಸ ಹಿಡಿಯುವುದುಂಟು. ಆರೋಗ್ಯವಂತ ತಾಯಿಗೆ ಒಂದು ದಿನದ ಉಪವಾಸದಿಂದ ಹಾಲು ಬತ್ತುವುದಿಲ್ಲ. ಕೊಬ್ಬು ಶೇಖರದಿಂದ ಬರುತ್ತದೆ. ಆದರೆ ಮೊದಲ ಆರು ತಿಂಗಳು ಅವಳಿಗೆ ದಿನಕ್ಕೆ 600 ಕಿಲೊಕ್ಯಾಲೊರಿ ಹೆಚ್ಚೇ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಿಗದಿಮಾಡಿದೆ. ಷೋಡಶಭಾವನೆಗಳಲ್ಲಿ ತಪಸ್ಸಿಗೆ ಶಕ್ತಿಯ ಮಿತಿಯನ್ನು ಹಾಕಿರುವ ಆಚಾರ್ಯರು ನೀರನ್ನೂ ಬಿಟ್ಟ ಸಾಲು ಉಪವಾಸವನ್ನು ಹಸಿಬಾಣಂತಿಗೆ ವಿಧಿಸಿಯಾರೆಂದು ನಾನು ತಿಳಿಯೆ.

ಕಡೆಯದಾಗಿ ನಮ್ಮ ಬಸದಿ ಟ್ರಸ್ಟುಗಳ ಗಮನಕ್ಕೆ ಒಂದು ಮಾತು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರು 1950ರ ದಶಕದಲ್ಲಿ ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ಕಂಡುಹಿಡಿದರು. ಆನಂದದ ಅಮುಲ್ ಸಂಸ್ಥೆ ಅದನ್ನು ಬಳಸಿತು. ತಾಯಿಯಿಲ್ಲದ ಕೂಸುಗಳಿಗೆ ಅದು ಜೀವದಾನ. ಕಾಲಕ್ರಮದಲ್ಲಿ ಪುಡಿಯ ಡಬ್ಬಿ ತಾಯಿ ಇದ್ದ ಮನೆಗಳಿಗೂ ನುಗ್ಗಿತು. ಹೆರಿಗೆ ಆಸ್ಪತ್ರೆಗಳಲ್ಲಿ ಪುಣ್ಯತಿಥಿಗೆಂದು ಡಬ್ಬಿ ಹಂಚುವ ದಾನಿಗಳೂ ಹುಟ್ಟಿದರು. 1992ರ ಶಿಶುಹಾಲು ಬದಲಿ ಪದಾರ್ಥಗಳ ಕಾಯಿದೆಯ ಪ್ರಕಾರ ಇಂತಹ ಪುಡಿಯನ್ನಾಗಲಿ ಹಾಲಿನ ಬಾಟಲಿಯನ್ನಾಗಲಿ ಅನಾಥಾಲಯಕ್ಕಲ್ಲದೆ ಬೇರೆ ಯಾರಿಗೂ ದಾನವಾಗಿ ಹಂಚುವಂತಿಲ್ಲ. 2003ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಮಾಡಿತು. ಸರ್ಕಾರವೇ 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ತಾಯಿಗೆ ಬಿಸಿಯೂಟ, ಹಾಲು ಕೊಡುವ ಕ್ರಮವನ್ನು ಹಿಡಿಯಿತು. ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು. ಟ್ರಸ್ಟಿನ ಚೀಲದಲ್ಲಿ ರಾಗಿ, ಹೆಸರುಬೇಳೆ, ತುಪ್ಪ, ಎಳ್ಳು, ಕೊಬ್ಬರಿಗಳ ಜೊತೆಗೆ ಹುರಿದ ಅಗಸೆಪುಡಿಯನ್ನೂ ಹುಚ್ಚೆಳ್ಳಿನ ಚಟ್ನಿಪುಡಿಯನ್ನೂ ಸೇರಿಸಿದರೆ ಪುಡಿ ಡಬ್ಬಿಗಿಂತ ವೆಚ್ಚವೂ ಕಡಿಮೆ. ದಾನಪತ್ರದಲ್ಲಿ ‘ಮಗುವಿನ ಹಾಲಿಗೆ’ ಎಂದು ಬರೆಸಿದ ಬಡ್ಡಿ ಹಣ ಅನೇಕ ಟ್ರಸ್ಟುಗಳಲ್ಲಿ ವಿನಿಯೋಗವಾಗದೆ ಉಳಿದಿರುತ್ತದೆ. ತಾಯಿಯ ಊಟಕ್ಕೆ ಅದನ್ನು ಬಳಸುವುದು ದಾನಿಯ ಇಚ್ಛೆಗೆ ವಿರುದ್ಧವೇನಲ್ಲ. ಆದರೂ ಆಡಳಿತ ಮಂಡಳಿಯ ನಿರ್ಣಯ ಬರೆದು, ಲೆಕ್ಕಪರಿಶೋಧಕರ ಒಪ್ಪಿಗೆ ಪಡೆದೇ ಮುಂದುವರಿಯಬೇಕು.